ಅಜ್ಜನ ಮೀನಿನ ಸೈಕಲಿಗೆ ಬಣ್ಣ ಹಾಕುವ ಮೊದಲು

ಮೀನಿನ ಸೈಕಲನ್ನು ಅದರ ತುಕ್ಕು ನೋಡಿಯೇ ಗುರುತಿಸಬಹುದು. ಪೇಪರ್ ಹಾಕಿದ, ಶಾಲೆಗೆ ಹೋದ ಸೈಕಲುಗಳು ಹಿಂದೆ ಮುಂದೆ ಹೆಚ್ಚುಕಡಿಮೆ ಒಂದೇ ತರ ಹಳತಾಗುತ್ತವೆ. ಮೀನು ಹೊತ್ತ ಸೈಕಲ್ ಹಾಗಲ್ಲ. ಕ್ಯಾರಿಯರ್ ಮೇಲಿನ ಬುಟ್ಟಿಯಿಂದ ಮಂಜುಗಡ್ಡೆ ಕರಗಿದ ಉಪ್ಪುನೀರು ತೊಟ್ಟಿಕ್ಕಿ, ಸೀಟಿನ ಕೆಳಗಿಂದ ಇಳಿಯುವ ಎರಡು ಸಪೂರ ಪೈಪುಗಳ ಮೇಲೆ ಹರಿದು, ಹಿಂದಿನ ಚಕ್ರದ ಆಕ್ಸಲ್ ಕೂರುವ ಜಾಗದಲ್ಲಿ ನಿಲ್ಲುತ್ತದೆ. ಹಾಗಾಗಿ ಹ್ಯಾಂಡಲ್ ಬದಿಯ ಕಪ್ಪು ಬಣ್ಣ ಇನ್ನೂ ಹೊಳೆಯುತ್ತಿದ್ದರೂ ಹಿಂದಿನ ಪೈಪು ಒಳಗೊಳಗೇ ಪೊಳ್ಳಾಗಿರಬಹುದು.

ಬೆಳಿಗ್ಗೆ ದಕ್ಕೆಯಲ್ಲಿ ಮೀನು ಹಿಡಿದು, ಹಾರ್ನ್ ಒತ್ತುತ್ತಾ ಗುಡ್ಡ ಹತ್ತಿ ಇಳಿದು ಹತ್ತಾರು ಮೈಲು ತುಳಿದ ಬ್ಯಾರಿಗಳ ಸೈಕಲುಗಳಲ್ಲಿ ಉಳಿದವು ಈಗ ಕೆಲವೇ. ಮೊಪೆಡ್ ಬಂತು, ಟೆಂಪೋ ಬಂತು, ಸೈಕಲ್ ಹಿತ್ತಿಲಿನ ಕೊಟ್ಟಿಗೆ ಸೇರಿತು. ಬಹಳಷ್ಟು ಗುಜರಿಗೆ ಹೋಗಿ ಕಿಲೋ ಲೆಕ್ಕದಲ್ಲಿ ತೂಗಿಸಿಕೊಂಡವು. ಉಳಿದಿರುವುದನ್ನು ಈಗ ಮೊಮ್ಮಕ್ಕಳು ಹೊರಗೆ ತೆಗೆಯುತ್ತಿದ್ದಾರೆ. ಗಲ್ಫಿನಿಂದ ರಜೆಯಲ್ಲಿ ಬಂದವನಿಗೆ ಅಜ್ಜನ ಸೈಕಲ್ ರಿಪೇರಿ ಮಾಡಿಸಿ ಚಾವಡಿಯಲ್ಲಿ ನಿಲ್ಲಿಸುವ ಆಸೆ. ಒಳ್ಳೆಯದೇ. ಆದರೆ ಒಂದು ತೊಂದರೆ ಉಂಟು. ಅಲ್ಲಿನ ಶಾಲೆಗಳ ರಜೆ ಜುಲೈ, ಆಗಸ್ಟಿನಲ್ಲಿ. ಇಲ್ಲಿ ಆಗ ಸುರಿಯುವ ಮಳೆ. ಗಾಳಿಯಲ್ಲಿ ಅಷ್ಟು ನೀರಿನಂಶ ಇರುವಾಗ ಸ್ಪ್ರೇ ಮಾಡಿದರೆ ಎನ್.ಸಿ. ಪೇಂಟ್ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ. ಉಜ್ಜಿ ಬಿಟ್ಟ ಕಬ್ಬಿಣ ಕೆಲವೇ ಗಂಟೆಗಳಲ್ಲಿ ಕೆಂಪಾಗುತ್ತದೆ. ಮಳೆಗಾಲದಲ್ಲಿ ಬಿಚ್ಚುವ, ಬಿಡಿಭಾಗ ಹುಡುಕುವ ಕೆಲಸ ಮಾಡಿಟ್ಟುಕೊಳ್ಳಿ. ಉಜ್ಜುವುದು, ಬಣ್ಣ ಹಾಕುವುದು ಡಿಸೆಂಬರ್ ನಂತರ.

ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ್ದು, ಬಣ್ಣ ನಿಜಕ್ಕೂ ಬೇಕಾ ಅಂತ. ಮಡ್‌ಗಾರ್ಡಿನ ಮೇಲೆ ಚಿನ್ನದ ಬಣ್ಣದ ಗೆರೆ, ಪೈಪಿನ ಮೇಲೆ ಕಂಪೆನಿಯ ಹೆಸರು ಅರ್ಧವಾದರೂ ಉಳಿದಿದ್ದರೆ ನಾನಂತೂ ಮುಟ್ಟಬೇಡಿ ಅಂತಲೇ ಹೇಳುತ್ತೇನೆ. ಮದ್ರಾಸಿನಲ್ಲಿ 1949ರಲ್ಲಿ ಶುರುವಾದ ಟಿ.ಐ. ಸೈಕಲ್ಸ್‌ನ ಹರ್ಕ್ಯುಲಿಸ್ ಇರಲಿ, ಅಸನ್ಸೋಲಿನ ಸೆನ್-ರ‍್ಯಾಲಿ ಇರಲಿ, ಕಾರ್ಖಾನೆಯ ಒಲೆಯಲ್ಲಿ ಸುಟ್ಟು ಗಟ್ಟಿ ಮಾಡಿದ ಆ ಕಪ್ಪು ಬಣ್ಣ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಸಾಬೂನು ನೀರಲ್ಲಿ ಮೆಲ್ಲ ತೊಳೆದು, ಒಣಗಿಸಿ, ಕಾರಿಗೆ ಹಾಕುವ ವ್ಯಾಕ್ಸ್ ತಿಕ್ಕಿದರೆ ಸಾಕು. ಹಿಂದೆ ಪಂಚಾಯತ್, ಪುರಸಭೆಗಳು ಸೈಕಲ್ ತೆರಿಗೆಗೆ ಕೊಡುತ್ತಿದ್ದ ತಗಡಿನ ಬಿಲ್ಲೆ ಎಲ್ಲಾದರೂ ನೇತಾಡುತ್ತಿದ್ದರೆ ಅದನ್ನು ಜೋಪಾನ ಮಾಡಿ.

ಬಣ್ಣ ಹಾಕಲೇಬೇಕು ಅನ್ನುವ ಸ್ಥಿತಿಯಾದರೆ ಪೂರ್ತಿ ಬಿಚ್ಚಬೇಕು. ಚಕ್ರ ಮಾತ್ರ ತೆಗೆದು ಉಳಿದದ್ದರ ಮೇಲೆ ಬ್ರಷ್ ಎಳೆಯುವುದು ಗೇಟಿಗೆ ಮಾಡುವ ಕೆಲಸ. ಬಿಚ್ಚುವಾಗ ಹೆಚ್ಚಿನವರು ತಿಣುಕುವುದು ಎಡಗಡೆಯ ಪೆಡಲಿನಲ್ಲಿ. ಅದರ ಮರೆ ಉಲ್ಟಾ, ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದರೆ ಮಾತ್ರ ಬಿಡುತ್ತದೆ. ಪೆಡಲಿನ ಆಕ್ಸಲ್ ಕೂರುವ ಗೂಡಿನಲ್ಲಿ ಚೈನ್ ಬದಿಯ ಕಪ್ ಕೂಡ ಹಾಗೆಯೇ. ಕಾಟರ್ ಪಿನ್ನಿಗೆ ಹಿಂದಿನ ರಾತ್ರಿಯೇ ಸೀಮೆಎಣ್ಣೆ ಬಿಟ್ಟು, ಬೆಳಿಗ್ಗೆ ಕೆಳಗಿನಿಂದ ಗಟ್ಟಿ ಆಧಾರ ಕೊಟ್ಟು ಸುತ್ತಿಗೆಯಲ್ಲಿ ಹೊಡೆಯಬೇಕು. ಆಧಾರ ಇಲ್ಲದೆ ಹೊಡೆದರೆ ಆಕ್ಸಲ್ ಹಾಳು.

ಬರೀ ಫ್ರೇಮ್ ಕೈಗೆ ಬಂದ ಮೇಲೆ ಅದನ್ನು ಪರೀಕ್ಷಿಸಬೇಕು. ಒಂದು ನೂಲನ್ನು ಹಿಂದಿನ ಆಕ್ಸಲ್ ಕೂರುವ ಒಂದು ಬದಿಗೆ ಕಟ್ಟಿ, ಹ್ಯಾಂಡಲ್ ಕೂರುವ ಪೈಪಿಗೆ ಸುತ್ತು ಬಳಸಿ, ಇನ್ನೊಂದು ಬದಿಗೆ ಬಿಗಿಯಾಗಿ ಕಟ್ಟಿ. ನೂಲಿಗೂ ಸೀಟಿನ ಪೈಪಿಗೂ ನಡುವಿನ ಅಂತರ ಎರಡೂ ಕಡೆ ಒಂದೇ ಇದ್ದರೆ ಫ್ರೇಮ್ ನೇರ ಇದೆ. ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಸೊಟ್ಟ ಅಂತ ಅರ್ಥ. ಇನ್ನು ಮೊದಲು ಹೇಳಿದ ಹಿಂದಿನ ಪೈಪುಗಳು. ಸಣ್ಣ ಸ್ಪ್ಯಾನರಿನಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಪೈಪು ಗಂಟೆಯ ಹಾಗೆ ಕೇಳುತ್ತದೆ, ತುಕ್ಕು ತಿಂದದ್ದು ಮಂಕಾಗಿ ಕೇಳುತ್ತದೆ. ಸಂಶಯದ ಜಾಗವನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಒಳಗೆ ಹೋಯಿತಾ? ಹಾಗಾದರೆ ಆ ಸೈಕಲ್ ಚಾವಡಿಗೆ ಮಾತ್ರ, ರಸ್ತೆಗೆ ಅಲ್ಲ. ತೂತಿಗೆ ಪುಟ್ಟಿ ಮೆತ್ತಿ, ಮೇಲೆ ಹೊಳೆಯುವ ಬಣ್ಣ ಹಾಕಿ ಮಕ್ಕಳ ಕೈಗೆ ಕೊಡುವವರಿದ್ದಾರೆ ಮಾರಾಯ್ರೆ, ಅದಕ್ಕಿಂತ ಗುಜರಿ ವಾಸಿ. ಪೈಪು ಬದಲಾಯಿಸುವುದಾದರೆ ಹಿತ್ತಾಳೆ ಬೆಸುಗೆ ಗೊತ್ತಿರುವ ಗ್ಯಾಸ್ ವೆಲ್ಡಿಂಗಿನವರೇ ಆಗಬೇಕು. ಹಳೆಯ ಫ್ರೇಮುಗಳ ಜೋಡಣೆಯೇ ಹಾಗೆ: ಪೈಪನ್ನು ಕೀಲಿನೊಳಗೆ ಇಳಿಸಿ ಹಿತ್ತಾಳೆ ಕರಗಿಸಿ ಕೂಡಿಸಿದ್ದು. ಕಿಟಕಿ ಸರಳಿಗೆ ಹಾಕುವ ಕರೆಂಟ್ ವೆಲ್ಡಿಂಗ್ ಆ ತೆಳು ಪೈಪನ್ನು ಸುಟ್ಟುಬಿಡುತ್ತದೆ.

ಇಷ್ಟು ದಾಟಿದರೆ ಉಜ್ಜುವ ಕೆಲಸ. ಗ್ರೀಸ್, ಎಣ್ಣೆಯನ್ನು ಸೀಮೆಎಣ್ಣೆಯಲ್ಲಿ ತೆಗೆದು, ಆಮೇಲೆ ಸಾಬೂನು ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಸೀಮೆಎಣ್ಣೆಯ ಪಸೆ ಉಳಿದರೆ ಪ್ರೈಮರ್ ಕಚ್ಚುವುದಿಲ್ಲ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ನಮ್ಮಲ್ಲಿ ಮನೆಗೆ ಬಳಿಯುವ ಬಣ್ಣಕ್ಕೇ ಸೀಸದ ಕಟ್ಟುನಿಟ್ಟಿನ ಮಿತಿ ಜಾರಿಗೆ ಬಂದದ್ದು 2017ರಲ್ಲಿ. ಆದ್ದರಿಂದ ಒಣಗಿದ್ದನ್ನು ಉಜ್ಜಿ ಧೂಳು ಹಾರಿಸಬೇಡಿ, ವಾಟರ್ ಪೇಪರನ್ನು ಒದ್ದೆ ಮಾಡಿಯೇ ಉಜ್ಜಿ. ಮಕ್ಕಳನ್ನು ದೂರ ಇಡಿ. 80ರ ಪೇಪರಿನಿಂದ ಶುರು ಮಾಡಿ, 120, 220 ಆಗಿ, ಪ್ರೈಮರ್ ಮೇಲೆ 400. ಗುಳಿ ಬಿದ್ದ ತುಕ್ಕಿಗೆ ಪೇಪರ್ ಸಾಲದು. ಅಲ್ಲಿಗೆ ಫಾಸ್ಫಾರಿಕ್ ಆ್ಯಸಿಡ್ ಇರುವ ರಸ್ಟ್ ರಿಮೂವರ್ ಹಚ್ಚಬೇಕು. ನಮ್ಮ ಮೀನಿನ ಸೈಕಲಿಗೆ ಇಲ್ಲಿ ಒಂದು ಕೆಲಸ ಜಾಸ್ತಿ. ಗುಳಿಗಳೊಳಗೆ ಉಪ್ಪು ಕೂತಿರುತ್ತದೆ, ಅದನ್ನು ಬಾವಿಯ ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆದು ತೆಗೆಯದಿದ್ದರೆ ಎಷ್ಟು ಬೆಲೆಯ ಪೇಂಟ್ ಹಾಕಿದರೂ ಮುಂದಿನ ಮಳೆಗೆ ಗುಳ್ಳೆ ಏಳುತ್ತದೆ. ತೊಳೆದ ಕೂಡಲೇ ಬಿಸಿಲಲ್ಲಿ ಒಣಗಿಸಿ, ಅದೇ ದಿನ ಪ್ರೈಮರ್. ನಾಳೆಗೆ ಇಟ್ಟರೆ ಮತ್ತೆ ಮೊದಲಿನಿಂದ.

ಪ್ರೈಮರಿಗೆ ಮೊದಲು ಹ್ಯಾಂಡಲ್ ಕಪ್ ಕೂರುವ ಜಾಗ, ಪೆಡಲ್ ಗೂಡಿನ ಮರೆ, ಸೀಟ್ ಪೈಪಿನ ಬಾಯಿಗೆ ಟೇಪ್ ಹಚ್ಚಿ. ಫ್ರೇಮ್ ನಂಬರ್ ಕೊರೆದ ಜಾಗಕ್ಕೆ ಪುಟ್ಟಿ ಬೇಡ, ನಂಬರ್ ಮುಚ್ಚಿಹೋಗುತ್ತದೆ. ಬಣ್ಣಕ್ಕೆ ಟಿಂಕರಿಂಗ್ ಅಂಗಡಿಯವರು ಪಿ.ಯು. ಹೇಳುತ್ತಾರೆ. ಗಟ್ಟಿ ಹೌದು, ಆದರೆ ಅದರ ಹಾರ್ಡನರ್ ಶ್ವಾಸಕೋಶಕ್ಕೆ ಕೆಟ್ಟದ್ದು. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ, ಮನೆಯಂಗಳದಲ್ಲಿ ಅದರ ಪ್ರಯೋಗ ಬೇಡ. ಕೈಯಲ್ಲೇ ಮಾಡುವವರಿಗೆ ಎನಾಮಲ್ ಸಾಕು, ತೆಳು ಪದರವಾಗಿ ಮೂರು ಸಲ. ಪೌಡರ್ ಕೋಟಿಂಗ್ ಕೂಡ ಆಗುತ್ತದೆ. 200 ಡಿಗ್ರಿ ಹತ್ತಿರದ ಬಿಸಿಗೆ ಹಿತ್ತಾಳೆ ಬೆಸುಗೆಗೆ ಏನೂ ಆಗುವುದಿಲ್ಲ, ಆದರೆ ಸಾಮಾನ್ಯ ಪುಟ್ಟಿ ತಡೆಯುವುದಿಲ್ಲ. ದಪ್ಪ ಪದರದಡಿ ಕೀಲುಗಳ ಅಂದದ ಅಂಚು ಕೂಡ ಮುಚ್ಚಿಹೋಗುತ್ತದೆ. ನನಗೆ ಅದು ಹಿಡಿಸುವುದಿಲ್ಲ.

ಹ್ಯಾಂಡಲ್, ರಿಮ್ಮಿನ ಕ್ರೋಮಿಗೆ ಬಣ್ಣ ಬಳಿಯಬೇಡಿ. ಬಿರಿಯಾನಿ ಪಾರ್ಸೆಲ್ ಕಟ್ಟಿದ ಅಲ್ಯುಮಿನಿಯಂ ಫಾಯಿಲನ್ನು ತೊಳೆದು, ಮುದ್ದೆ ಮಾಡಿ, ನೀರಲ್ಲಿ ಅದ್ದಿ ಉಜ್ಜಿದರೆ ಮೇಲಿನ ತುಕ್ಕು ಬಿಡುತ್ತದೆ. ಚಿನ್ನದ ಗೆರೆ ಎಳೆಯಲು ಬೋರ್ಡ್ ಬರೆಯುವ ಪೇಂಟರ್ ಊರಲ್ಲಿ ಉಳಿದಿದ್ದರೆ ಅವರನ್ನೇ ಕರೆಯಿರಿ. ಉದ್ದ ಕೂದಲಿನ ಬ್ರಷ್ ಹಿಡಿದು ಒಂದೇ ಉಸಿರಿಗೆ ಎಳೆಯುವ ಆ ಗೆರೆ ಸ್ಟಿಕ್ಕರಿನಲ್ಲಿ ಬರುವುದಿಲ್ಲ.

ಬಣ್ಣ ಪೂರ್ತಿ ಗಟ್ಟಿಯಾಗಲು ಎರಡು ವಾರವಾದರೂ ಬಿಡಿ. ಆಮೇಲೆ ಸೀಟ್ ಪೈಪಿನ ಬಾಯಿಯಿಂದ ಸ್ವಲ್ಪ ಎಣ್ಣೆ ಬಿಟ್ಟು ಫ್ರೇಮನ್ನು ಎಲ್ಲ ಕಡೆ ತಿರುಗಿಸಿ, ಒಳಗಿನಿಂದ ತುಕ್ಕು ತಡೆಯಲು. ಮೊದಲೇ ಎಣ್ಣೆ ಬಿಟ್ಟರೆ ಅದು ಹೊರಗೆ ಜಿನುಗಿ ಬಣ್ಣ ಕೆಡಿಸುತ್ತದೆ. ಕೊನೆಗೆ ಹಾರ್ನ್. ಅದರ ಹಿತ್ತಾಳೆಯ ಕೊಳಲನ್ನು ಹುಣಸೆಹುಳಿ ಹಚ್ಚಿ ತಿಕ್ಕಿದರೆ ಹೊಸದರ ಹಾಗಾಗುತ್ತದೆ. ರಬ್ಬರಿನ ಉಂಡೆ ಮಾತ್ರ ಹೊಸತು ಹಾಕಿ, ಹಳತು ಇಷ್ಟರಲ್ಲಿ ಬಿರುಕು ಬಿಟ್ಟಿರುತ್ತದೆ.