ಕ್ಲಚ್ ಕೈಕೊಟ್ಟರೂ ಗೇರ್ ಬೀಳುತ್ತದೆ

ಹಾಸನದ ಓದುಗರೊಬ್ಬರು ಕೇಳಿದ್ದಾರೆ: 'ದಾರಿಯಲ್ಲಿ ಕಾರಿನ ಕ್ಲಚ್ ಕೇಬಲ್ ತುಂಡಾಯಿತು. ಬಂದ ಮೆಕ್ಯಾನಿಕ್ ಕ್ಲಚ್ ಇಲ್ಲದೆಯೇ ಗೇರ್ ಬದಲಿಸುತ್ತಾ ಗ್ಯಾರೇಜಿಗೆ ಓಡಿಸಿಕೊಂಡು ಹೋದ. ಗೇರಿನ ಹಲ್ಲು ಮುರಿಯುವುದಿಲ್ಲವೇ?'

ತಿಳಿದು ಮಾಡಿದರೆ ಮುರಿಯುವುದಿಲ್ಲ. ಗೇರ್ ಹಾಕುವುದೆಂದರೆ ತಿರುಗುವ ಎರಡು ಹಲ್ಲುಚಕ್ರಗಳನ್ನು ಒಂದರೊಳಗೊಂದು ತುರುಕುವುದು ಎಂದೇ ಬಹಳ ಜನ ನಂಬಿದ್ದಾರೆ. ಇಂದಿನ ಕಾರುಗಳಲ್ಲಿ ಮುಂದಕ್ಕೆ ಓಡಿಸುವ ಗೇರುಗಳ ಹಲ್ಲುಗಳು ಸದಾ ಕಚ್ಚಿಕೊಂಡೇ ಇರುತ್ತವೆ! ಲಿವರ್ ತಳ್ಳಿದಾಗ ಸರಿಯುವುದು ಸ್ಲೀವ್ ಎಂಬ ಬಳೆ ಮಾತ್ರ. ಬೇಕಾದ ಗೇರನ್ನು ಶಾಫ್ಟಿಗೆ ಬಿಗಿಯುವುದು ಅದರ ಕೆಲಸ. ಬಿಗಿಯುವ ಹೊತ್ತಿಗೆ ಎರಡೂ ಒಂದೇ ವೇಗದಲ್ಲಿ ತಿರುಗುತ್ತಿರಬೇಕು. ಹೊರಟ ಬಸ್ಸಿನ ಕಂಬಿ ಹಿಡಿಯಬೇಕಾದವನು ಬಸ್ಸಿನಷ್ಟೇ ವೇಗದಲ್ಲಿ ಓಡಬೇಕಲ್ಲ, ಹಾಗೆ.

ಆ ವೇಗ ಹೊಂದಿಸುವ ಸಿಂಕ್ರೊನೈಸರ್ ಉಂಗುರ ನನಗೆ ಬಲು ಮೆಚ್ಚಿನದು. ಸಾಮಾನ್ಯವಾಗಿ ಹಿತ್ತಾಳೆಯದು, ಒಳಮೈ ಇಳಿಜಾರು. ಲಿವರ್ ತಳ್ಳಿದೊಡನೆ ಅದು ಗೇರಿನ ಮೈಗೆ ಉಜ್ಜಿ ವೇಗದ ಅಂತರ ಅಳಿಸುತ್ತದೆ. ಅಂತರ ಉಳಿದಿರುವಷ್ಟು ಹೊತ್ತು ಅದರ ಅಂಚಿನ ಹಲ್ಲುಗಳು ಸ್ಲೀವನ್ನು ತಡೆದು ನಿಲ್ಲಿಸುತ್ತವೆ. ಸಮವಾದ ಕ್ಷಣ ತಾವೇ ದಾರಿ ಬಿಡುತ್ತವೆ. ಅಮೆರಿಕದ ಎಂಜಿನಿಯರ್ ಅರ್ಲ್ ಥಾಂಪ್ಸನ್ ರೂಪಿಸಿದ ಸಿಂಕ್ರೊಮೆಶ್ 1928ರಲ್ಲಿ ಕ್ಯಾಡಿಲಾಕ್ ಕಾರುಗಳಿಗೆ ಬಂತು. ಅಲ್ಲಿಯವರೆಗೆ ಚಾಲಕರು ಎರಡೆರಡು ಬಾರಿ ಕ್ಲಚ್ ತುಳಿದು ವೇಗ ಹೊಂದಿಸುತ್ತಿದ್ದರು.

ಕ್ಲಚ್ ಬಿಡಿಸಿಕೊಳ್ಳದಿದ್ದರೆ ಇಡೀ ಎಂಜಿನ್ನಿನ ಭಾರ ಈ ಪುಟ್ಟ ಉಂಗುರದ ಮೇಲೆ ಬೀಳುತ್ತದೆ. ಆಗ ಅದರ ಕೆಲಸವನ್ನು ಚಾಲಕನ ಬಲಗಾಲು ಮಾಡಬೇಕು. ಆಕ್ಸಿಲರೇಟರ್ ಬಿಟ್ಟು, ಎಳೆತ ಸಡಿಲವಾದಾಗ ಲಿವರನ್ನು ನ್ಯೂಟ್ರಲ್‌ಗೆ ತರಬೇಕು. ಮೂರನೇ ಗೇರಿನ ಅನುಪಾತ 1.4, ನಾಲ್ಕನೆಯದು 1 ಎಂದುಕೊಳ್ಳಿ. ಎಂಜಿನ್ ನಿಮಿಷಕ್ಕೆ 2,800 ಸುತ್ತಿನಿಂದ 2,000ಕ್ಕೆ ಇಳಿಯುವವರೆಗೆ ಕಾದು, ಲಿವರನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಸಾಕು, ಗೇರ್ ಬೀಳುತ್ತದೆ. ಕೆಳಗಿನ ಗೇರಿಗೆ ಬರುವಾಗ ತುಸು ಆಕ್ಸಿಲರೇಟರ್ ಕೊಟ್ಟು ಸುತ್ತು ಏರಿಸಬೇಕು. ಕರಕರ ಸದ್ದು ಬಂದರೆ ವೇಗ ಹೊಂದಿಲ್ಲ ಎಂದರ್ಥ, ಬಲ ಹಾಕಬಾರದು.

ಹೊರಡುವಾಗ ಎಂಜಿನ್ ಆಫ್ ಇಟ್ಟು, ಮೊದಲ ಗೇರ್ ಹಾಕಿ ಕೀಲಿ ತಿರುಗಿಸಿದರೆ ಸ್ಟಾರ್ಟರ್ ಮೋಟಾರೇ ಕಾರನ್ನು ಮುಂದಕ್ಕೆ ತಳ್ಳುತ್ತದೆ. ಹಾಗಾಗಿ ಮುಂದೆ ಯಾರೂ ಇರಕೂಡದು, ರಸ್ತೆ ಸಮತಟ್ಟಾಗಿರಬೇಕು. ನಿಲ್ಲಿಸುವ ಮುನ್ನ ನ್ಯೂಟ್ರಲ್ ಮರೆಯಬಾರದು. ಸಂತೆಬೀದಿಯಲ್ಲೋ ಘಾಟಿಯಲ್ಲೋ ಈ ಸಾಹಸ ಬೇಡವೇ ಬೇಡ. ಪ್ಲೇಟ್ ಸವೆದು ಕ್ಲಚ್ ಜಾರುತ್ತಿದ್ದರಂತೂ ಈ ಉಪಾಯ ನಾಟದು.

ಕೊನೆಗೊಂದು ಮಾತು. ಆಯುಧಪೂಜೆಗೆ ಚಕ್ರದಡಿ ನಿಂಬೆಹಣ್ಣು ಇಟ್ಟು, ವರ್ಷವಿಡೀ ಕೇಬಲ್ ಕಡೆ ತಿರುಗಿಯೂ ನೋಡದೆ, ಅದು ತುಂಡಾದಾಗ 'ದೃಷ್ಟಿ ತಾಗಿತು' ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೇಬಲ್ಲಿನ ಉಕ್ಕಿನ ಎಳೆಗಳು ಒಂದೊಂದಾಗಿ ಹರಿಯುತ್ತವೆ. ಪೆಡಲ್ ಬಿಗಿಯಾಗುವುದು, ಗೇರ್ ಬೀಳಲು ಸತಾಯಿಸುವುದು ಅದರ ಮುನ್ಸೂಚನೆ. ಅದನ್ನು ಗಮನಿಸಿದ ದಿನವೇ ಕೇಬಲ್ ಬದಲಿಸಿ.