ಇಪ್ಪತ್ತಾರು ವರ್ಷ ಬಾಯಿ ಕಟ್ಟಿಸಿಕೊಂಡ ಸೊನಾಟಾ

ಎಂಟು ನಿಮಿಷಗಳಲ್ಲಿ ನುಡಿಸಿ ಮುಗಿಸಬಹುದಾದ ಕೃತಿಯೊಂದು ವೇದಿಕೆ ಏರಲು ಇಪ್ಪತ್ತಾರು ವರ್ಷ ಕಾಯಬೇಕಾಯಿತು. ಹಂಗೆರಿಯ ಸಂಗೀತ ರಚನಕಾರ ಜಾರ್ಜ್ ಲಿಗೆಟಿ (1923–2006) ಒಂಟಿ ಚೆಲ್ಲೋಗೆಂದು ಬರೆದ ಸೊನಾಟಾ ಅದು.

ಚೆಲ್ಲೋ ಪಿಟೀಲಿನ ವಂಶದ ದೊಡ್ಡ ವಾದ್ಯ. ಕುರ್ಚಿಯಲ್ಲಿ ಕುಳಿತು, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನಿನಿಂದ ನುಡಿಸುತ್ತಾರೆ. ಕೆಳಗಿನ ತಂತಿಗಳಲ್ಲಿ ಗಂಡುದನಿಯ ಗಾಂಭೀರ್ಯ, ಮೇಲೇರಿದರೆ ಹೆಣ್ಣುದನಿಯ ಛಾಯೆ. ಪಕ್ಕದಲ್ಲಿ ಪಿಯಾನೋ ಇರುವುದು ವಾಡಿಕೆ. ಆ ಆಸರೆಯಿಲ್ಲದೆ ಬರೆಯುವ ಪರಂಪರೆಯಲ್ಲಿ ಬಾಖ್ ಹಿರಿಯ. ಹಂಗೆರಿಯವರೇ ಆದ ಜೊಲ್ಟಾನ್ ಕೊಡಾಯಿ 1915ರಲ್ಲಿ ಅಂಥದೊಂದು ದೊಡ್ಡ ಸೊನಾಟಾ ಬರೆದಿದ್ದರು.

1948ರಲ್ಲಿ ಲಿಗೆಟಿ ಬುಡಾಪೆಸ್ಟಿನ ಸಂಗೀತ ಅಕಾಡೆಮಿಯ ವಿದ್ಯಾರ್ಥಿ. ಚೆಲ್ಲೋ ಕಲಿಯುತ್ತಿದ್ದ ಸಹಪಾಠಿಯೊಬ್ಬಳಿಗೆ ಮನಸೋತು, ಅವಳಿಗಾಗಿ ‘ಡಯಲೊಗೊ’ (ಸಂಭಾಷಣೆ) ರಚಿಸಿದರು. ಬೆರಳಿನಿಂದ ಮೀಟಿದ ಸ್ವರಗುಚ್ಛಗಳು ನಮ್ಮ ಜಾರುಗಮಕದಂತೆ ಜಾರುತ್ತವೆ. ನಂತರ ಒಂದೇ ರಾಗಧಾರೆ ಕೆಳಸ್ಥಾಯಿಯಲ್ಲೊಮ್ಮೆ, ಮೇಲ್ಸ್ಥಾಯಿಯಲ್ಲೊಮ್ಮೆ ಕೇಳುತ್ತದೆ. ಗಂಡು ಹೆಣ್ಣು ಮಾತಾಡಿಕೊಂಡಂತೆ. ಪಾಪ, ಆಕೆಗೆ ಅವರ ಮನಸ್ಸೇ ತಿಳಿದಿರಲಿಲ್ಲ. ವಂದನೆ ಹೇಳಿ ಹಾಳೆ ಪಡೆದಳು, ನುಡಿಸಲಿಲ್ಲ.

ಐದು ವರ್ಷಗಳ ಮೇಲೆ ಪ್ರಸಿದ್ಧ ವಾದಕಿ ವೆರಾ ಡೆನೆಶ್ ಒಂದು ಕೃತಿ ಕೇಳಿದಾಗ ಲಿಗೆಟಿಗೆ ಹಳೆಯದು ನೆನಪಾಯಿತು. ಅದಕ್ಕೆ ‘ಕಪ್ರಿಚ್ಚೊ’ ಎಂಬ ಎರಡನೆಯ ಭಾಗ ಜೋಡಿಸಿದರು. ಇದು ಉಸಿರು ಬಿಡಲೂ ಬಿಡುವಿಲ್ಲದ ಓಟ.

ಆಗಿನ ಹಂಗೆರಿಯಲ್ಲಿ ಕಮ್ಯುನಿಸ್ಟ್ ಸರ್ಕಾರ. ಸಂಗೀತ ಜನಸಾಮಾನ್ಯರಿಗೆ ಕೇಳಿದೊಡನೆ ಅರ್ಥವಾಗಬೇಕು, ಜಾನಪದ ಧಾಟಿಯಲ್ಲಿರಬೇಕು ಎಂಬುದು ಧೋರಣೆ. ಬಾರ್ತೋಕರ ಎಷ್ಟೋ ಕೃತಿಗಳಿಗೇ ಬಹಿಷ್ಕಾರವಿತ್ತು. ಅಚ್ಚು ಹಾಕಿಸಲು, ಕಛೇರಿಯಲ್ಲಿ ನುಡಿಸಲು ರಚನಕಾರರ ಸಂಘದ ಒಪ್ಪಿಗೆ ಬೇಕು. ಡೆನೆಶ್ ಸಂಘದವರ ಮುಂದೆ ಸೊನಾಟಾ ನುಡಿಸಿದರು. ಎರಡನೆಯ ಭಾಗ ತೀರಾ ‘ಆಧುನಿಕ’ ಎಂಬ ಕಾರಣಕ್ಕೆ ಎರಡಕ್ಕೂ ಅನುಮತಿ ಸಿಗಲಿಲ್ಲ. ಬಾನುಲಿಗಾಗಿ ಧ್ವನಿಮುದ್ರಿಸಬಹುದು ಎಂದರು. ಮುದ್ರಣವೇನೋ ಆಯಿತು, ಪ್ರಸಾರವಾಗಲಿಲ್ಲ! ಇಂದು ಕೇಳುವವರಿಗೆ ಇದರಲ್ಲಿ ಹೆದರುವಂಥದ್ದೇನಿತ್ತು ಎನಿಸದಿರದು. ಹಂಗೆರಿಯ ಜನಪದ ಗಾಯನದ ನೆನಪು ಮೊದಲ ಭಾಗದ ತುಂಬ ಇದೆ.

1956ರ ದಂಗೆಯನ್ನು ಸೋವಿಯತ್ ಟ್ಯಾಂಕುಗಳು ಹತ್ತಿಕ್ಕಿದವು. ಡಿಸೆಂಬರಿನಲ್ಲಿ ಲಿಗೆಟಿ ಗಡಿ ದಾಟಿ ವಿಯೆನ್ನಾ ಸೇರಿದರು. ಅಲ್ಲಿಂದ ಮುಂದೆ ಅವರ ಶೈಲಿಯೇ ಬದಲಾಯಿತು. 1961ರ ‘ಅಟ್ಮಾಸ್ಫಿಯರ್ಸ್’ ಹೆಸರು ತಂದಿತು; ಸ್ಟಾನ್ಲಿ ಕುಬ್ರಿಕ್ 1968ರ ತಮ್ಮ ಬಾಹ್ಯಾಕಾಶ ಚಿತ್ರದಲ್ಲಿ ಅದನ್ನು ಬಳಸಿಕೊಂಡರು. ಯೌವನದ ಸೊನಾಟಾ ಮಾತ್ರ ಮೂಲೆಯಲ್ಲೇ ಉಳಿಯಿತು.

ಅದು ಕಛೇರಿಯಲ್ಲಿ ಕೇಳಿಬಂದದ್ದು 1979ರಲ್ಲಿ. ಅಚ್ಚಾದದ್ದು 1990ರಲ್ಲಿ, ಹಂಗೆರಿಯ ಕಮ್ಯುನಿಸ್ಟ್ ಆಡಳಿತ ಕೊನೆಗೊಂಡ ಮರುವರ್ಷ.