ಜಾಲತಾಣದ ಹಿಂದಿನ ದುಡಿಮೆ

ಗೋಕಾಕ ಜಲಪಾತದ ಮಾಹಿತಿ ಬೇಕಾದವರಿಗೆ ಬೆಳಗಾವಿ ಜಿಲ್ಲೆಯ ಸರ್ಕಾರಿ ಜಾಲತಾಣವಿದೆ. ಅದು ನಡೆಯುವುದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ) ಸರ್ಕಾರಿ ತಾಣಗಳಿಗೆಂದು ರೂಪಿಸಿದ ‘ಎಸ್‌3ವಾಸ್’ ವೇದಿಕೆಯಲ್ಲಿ. ಸರ್ವರ್, ಭದ್ರತೆಯ ಚಿಂತೆ ವೇದಿಕೆಯವರದು. ಜಿಲ್ಲೆಯವರು ಮಾಹಿತಿ ತುಂಬಬೇಕು. ಅದೂ ಸಣ್ಣ ಕೆಲಸವಲ್ಲ. ಗೋಕಾಕದಿಂದ ಮೂಡಲಗಿ ಬೇರೆಯಾದಂತೆ ತಾಲ್ಲೂಕೊಂದು ಬೇರೆಯಾದರೆ ಪಟ್ಟಿ, ನಕ್ಷೆ, ಫೋನ್ ನಂಬರ್ ಎಲ್ಲವನ್ನೂ ತಿದ್ದಬೇಕು.

ಆದರೆ ಗೋಕಾಕದ ಸಿಹಿತಿಂಡಿ ಕರದಂಟನ್ನು ಸ್ವಂತ ಜಾಲತಾಣದಲ್ಲಿ ಮಾರುವ ಅಂಗಡಿಯವರಿಗೆ ಈ ಆಸರೆ ಇಲ್ಲ.

ಅವರು ಡೊಮೇನ್ ಹೆಸರಿಗೂ ಹೋಸ್ಟಿಂಗ್ ಜಾಗಕ್ಕೂ ಬೇರೆಬೇರೆಯಾಗಿ ಹಣ ಕಟ್ಟುತ್ತಾರೆ. ಒಂದರ ನವೀಕರಣ ಮರೆತರೂ ತಾಣ ಬಂದ್. ‘ಲೆಟ್ಸ್ ಎನ್‌ಕ್ರಿಪ್ಟ್’ನ ಉಚಿತ ಭದ್ರತಾ ಪ್ರಮಾಣಪತ್ರದ ಅವಧಿ ಸಾಮಾನ್ಯವಾಗಿ 90 ದಿನ, ತಾನಾಗಿ ನವೀಕರಣವಾಗುವಂತೆ ಇಡದಿದ್ದರೆ ಬ್ರೌಸರ್ ಗಿರಾಕಿಗೆ ಎಚ್ಚರಿಕೆ ತೋರಿಸುತ್ತದೆ. ಹಬ್ಬದ ಹೊತ್ತಿಗೆ ಹೀಗಾದರೆ ಆರ್ಡರ್ ಕೈತಪ್ಪಿದಂತೆಯೇ.

ಇನ್ನೂ ಅಪಾಯದ್ದು ಫೈಲ್ ಅನುಮತಿ. ಹೋಸ್ಟಿಂಗ್ ನಿರ್ವಹಿಸುವ ಸಿಪ್ಯಾನೆಲ್‌ನ ಫೈಲ್ ಮ್ಯಾನೇಜರ್‌ನಲ್ಲಿ ಫೈಲ್‌ಗೆ 644, ಫೋಲ್ಡರ್‌ಗೆ 755 ಎಂಬುದು ರೂಢಿ. 644 ಎಂದರೆ ಒಡೆಯ ಓದಿ ಬರೆಯಬಹುದು, ಉಳಿದವರು ಓದಬಹುದು. ಏನೋ ಕೆಲಸ ಮಾಡುತ್ತಿಲ್ಲವೆಂದು 777 ಕೊಟ್ಟರೆ ಆ ಸರ್ವರ್‌ನ ಯಾವ ಬಳಕೆದಾರನೂ ಅದನ್ನು ತಿದ್ದಬಲ್ಲ. ಈ ಅಡ್ಡದಾರಿ ಖಂಡಿತ ಬೇಡ.

ಬ್ಯಾಕಪ್ ಅದೇ ಸರ್ವರ್‌ನಲ್ಲಿದ್ದರೆ ಸರ್ವರ್ ಜೊತೆಗೆ ಅದೂ ಹೋದೀತು. ಅಂಗಡಿಯ ಕಂಪ್ಯೂಟರ್‌ನಲ್ಲೂ ಒಂದು ಪ್ರತಿ ಇರಲಿ, ಡೇಟಾಬೇಸ್ ಸಮೇತ.